ಮೃಗಶಿರೆಯ ಮದ್ದು ಮತ್ತು ಸಾಕ್ಷ್ಯದ ಪ್ರಶ್ನೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ವಿಷಾದದಿಂದ ನುಡಿದರೇ ಹೊರತು ಸಮರ್ಥನೆಗಾಗಿ ಅಲ್ಲ. ಮನೆಯ ಹಿಂದೆಯೇ ಬೆಳೆದ ಮೂಲಿಕೆಯ ಬೆಲೆಯನ್ನು ಅರಿಯದೆ ದೂರದ ವಸ್ತುವಿಗೆ ಮಾರುಹೋಗುವ ಮನುಷ್ಯಸ್ವಭಾವವನ್ನು ಅದು ಎತ್ತಿ ತೋರಿಸುತ್ತದೆ. ಆದರೆ ಇಂದು ಗಾಳಿ ಬೇರೆ ದಿಕ್ಕಿಗೆ ತಿರುಗಿದಂತಿದೆ. ಹಿತ್ತಲಿನದು ಎಂಬ ಒಂದೇ ಕಾರಣಕ್ಕೆ ಎಲ್ಲವೂ ಮದ್ದೇ ಎಂದು ಸಾರುವವರ ಸಂಖ್ಯೆ ಬೆಳೆಯುತ್ತಿದೆ. ಅದಕ್ಕೆ ಸರ್ಕಾರದ ಬೊಕ್ಕಸವೂ ಮುದ್ರೆಯೂ ಬೆಂಬಲವಾಗಿ ನಿಲ್ಲಬೇಕೆಂಬ ಒತ್ತಾಯವೂ ಕೇಳಿಬರುತ್ತಿದೆ. ಈ ಎರಡು ಅತಿರೇಕಗಳ ನಡುವೆ ಸಾಮಾನ್ಯ ನಾಗರಿಕನು ಹಿಡಿಯಬೇಕಾದ ದಾರಿ ಯಾವುದು ಎಂಬುದನ್ನು, ನಾವು ನೆಲೆಸಿರುವ ಈ ಹೈದರಾಬಾದ್ ನಗರದ ಒಂದು ಪ್ರಸಿದ್ಧ ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಲೇಖಕನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಅಧಿಕಾರಿ. ರೋಗನಿದಾನದ ವಿಷಯದಲ್ಲಿ ಮಾತನಾಡುವ ಅಧಿಕಾರ ಅವನಿಗಿಲ್ಲ. ಆದರೆ ಸಾರ್ವಜನಿಕರ ಹಣ ವೆಚ್ಚವಾಗುವ ಕಡೆಯಲ್ಲಿ ಲೆಕ್ಕ ಕೇಳುವ ಅಧಿಕಾರ ಪ್ರತಿಯೊಬ್ಬ ಪೌರನಿಗೂ ಉಂಟು. ಇಲ್ಲಿ ಎತ್ತಿರುವ ಪ್ರಶ್ನೆಯೂ ಮೂಲತಃ ಲೆಕ್ಕದ ಪ್ರಶ್ನೆಯೇ ಆಗಿದೆ.

ಮೀನಿನ ಮದ್ದು

ಪ್ರತಿವರ್ಷ ಜೂನ್ ತಿಂಗಳ ಮೊದಲ ಭಾಗದಲ್ಲಿ ಮೃಗಶಿರಾ ಮಳೆ ಕೂಡುವ ದಿನ, ಅಂದರೆ ನಮ್ಮ ಉತ್ತರ ಕರ್ನಾಟಕದವರು ‘ಮಿರಗ’ ಎಂದು ಕರೆಯುವ ದಿನ, ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ಅಸ್ತಮಾ ರೋಗಿಗಳು ಸಾಲುಗಟ್ಟಿ ನಿಲ್ಲುವುದನ್ನು ಈ ನಗರದವರೆಲ್ಲರೂ ಬಲ್ಲರು. ಹಳೆಯ ನಗರದ ದೂಧ್‌ಬೌಲಿಯ ಬತ್ತಿನಿ ಗೌಡ್ ಮನೆತನದವರು ತೆಲುಗರು ಕೊರ್ರಮೀನು ಎನ್ನುವ ಮೀನಿನ ಎರಡು-ಮೂರು ಅಂಗುಲದ ಜೀವಂತ ಮರಿಯ ಬಾಯಲ್ಲಿ ಹಳದಿ ಬಣ್ಣದ ಒಂದು ಲೇಹ್ಯವನ್ನು ತುಂಬಿ, ಅದನ್ನು ರೋಗಿಯ ಗಂಟಲಿಗೆ ಇಳಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿಟ್ಟು ಕೊಡುವ ಪದ್ಧತಿಯೂ ಉಂಟು. ಆಮೇಲೆ 45 ದಿನಗಳ ಪಥ್ಯ. ಹೀಗೆ ಮೂರು ವರ್ಷ ಎಡೆಬಿಡದೆ ಸೇವಿಸಬೇಕೆಂಬ ನಿಯಮ. 1845ರಲ್ಲಿ ಒಬ್ಬ ಸಾಧುವು ತಮ್ಮ ಪೂರ್ವಜರಾದ ವೀರಣ್ಣ ಗೌಡರಿಗೆ ಈ ಯೋಗವನ್ನು ಉಪದೇಶಿಸಿದನೆಂದೂ, ಹಣ ಪಡೆಯಬಾರದು, ಗುಟ್ಟನ್ನು ಹೊರಗೆಡಹಬಾರದು ಎಂಬ ಎರಡು ಕಟ್ಟಳೆಗಳನ್ನು ವಿಧಿಸಿದನೆಂದೂ ಮನೆತನದವರು ಹೇಳುತ್ತಾರೆ. ಮದ್ದಿಗೆ ಅವರು ಹಣ ಪಡೆಯುವುದಿಲ್ಲ. ಆದುದರಿಂದ ಅವರ ಮೇಲೆ ದುರಾಶೆಯ ಆರೋಪವನ್ನು ಹೊರಿಸುವುದು ನ್ಯಾಯವಲ್ಲ.

ಆದರೆ ಈ ಕಾರ್ಯದಲ್ಲಿ ಸರ್ಕಾರದ ಪಾತ್ರವೇನು ಎಂಬುದು ಬೇರೆಯೇ ಪ್ರಶ್ನೆ. ಮೀನಿನ ಮರಿಗಳನ್ನು ಮೀನುಗಾರಿಕೆ ಇಲಾಖೆಯೇ ತರಿಸಿ ಮಾರಾಟದ ಕಟ್ಟೆಗಳನ್ನು ತೆರೆಯುತ್ತದೆ. ಪೊಲೀಸು, ನೀರು, ವಿದ್ಯುತ್ತು, ಸಾರಿಗೆ ಇಲಾಖೆಗಳು ದುಡಿಯುತ್ತವೆ. ಸಚಿವರು ಬಂದು ಉದ್ಘಾಟಿಸುತ್ತಾರೆ. ಜನಸಂದಣಿ ಸೇರುವಲ್ಲಿ ಬಂದೋಬಸ್ತು ಮಾಡುವುದು ಸರ್ಕಾರದ ಕರ್ತವ್ಯ. ಜಾತ್ರೆಗಳಿಗೂ ಅದು ಮಾಡುತ್ತದೆ. ಆದರೆ ಜಾತ್ರೆಗೆ ಹೋದವನು ದೇವರ ದರ್ಶನಕ್ಕೆ ಹೋಗುತ್ತಾನೆ; ಇಲ್ಲಿಗೆ ಬಂದವನು ಉಸಿರಿಗಾಗಿ ಬರುತ್ತಾನೆ. ಸರ್ಕಾರವೇ ಮುಂದೆ ನಿಂತು ನಡೆಸುತ್ತಿರುವಾಗ ಇದು ಪರೀಕ್ಷೆಗೊಳಪಟ್ಟ ಚಿಕಿತ್ಸೆಯೇ ಇರಬೇಕು ಎಂದು ಬಡವನು ಭಾವಿಸಿದರೆ ಅವನದು ತಪ್ಪಲ್ಲ.

ಜನವಿಜ್ಞಾನ ವೇದಿಕೆಯಂಥ ಸಂಸ್ಥೆಗಳು ಆಕ್ಷೇಪಿಸಿ ನ್ಯಾಯಾಲಯದ ಮೆಟ್ಟಿಲೇರಿದ ತರುವಾಯ ‘ಮೀನಿನ ಔಷಧ’ ಎಂಬ ಹೆಸರು ಹೋಗಿ ‘ಮೀನಿನ ಪ್ರಸಾದ’ ಎಂಬ ಹೆಸರು ಬಂದಿತು. ಹೆಸರು ಬದಲಾಯಿತೇ ಹೊರತು ಬರುವವರ ನಿರೀಕ್ಷೆ ಬದಲಾಗಲಿಲ್ಲ. ನಮ್ಮ ದೇಶದ 1945ರ ಔಷಧ ನಿಯಮಗಳ ‘ಜೆ’ ಪರಿಶಿಷ್ಟದಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಕೂಡದ ರೋಗಗಳ ಪಟ್ಟಿಯೊಂದಿದ್ದು, ಅದರಲ್ಲಿ ಶ್ವಾಸನಾಳದ ಅಸ್ತಮಾ ಸೇರಿದೆ. ಪ್ರಸಾದವಾದರೆ ಅದು ಶ್ರದ್ಧೆಯ ವಿಷಯ. ಅದಕ್ಕೆ ಪ್ರಮಾಣಪತ್ರ ಕೇಳುವವರು ಯಾರೂ ಇಲ್ಲ. ಔಷಧವಾದರೆ ಅದಕ್ಕೆ ಸಾಕ್ಷ್ಯ ಬೇಕು. ಕಾನೂನಿನೆದುರು ಪ್ರಸಾದ, ರೋಗಿಯೆದುರು ಔಷಧ ಎಂಬ ಎರಡು ಮುಖಗಳನ್ನು ಸರ್ಕಾರವು ಏಕಕಾಲದಲ್ಲಿ ಧರಿಸುವುದು ಉಚಿತವಲ್ಲ.

ಗುಣ ಕಂಡವರ ಮಾತು

‘ಲಕ್ಷಾಂತರ ಜನ ಸುಮ್ಮನೆ ಬರುತ್ತಾರೆಯೇ? ಗುಣ ಕಂಡವರು ಹೇಳುವುದೆಲ್ಲ ಸುಳ್ಳೇ?’ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ; ಅದು ಅಪೂರ್ಣವಾದ ಲೆಕ್ಕ. ಅಸ್ತಮಾವು ಒಂದೇ ಸಮನೆ ಇರುವ ರೋಗವಲ್ಲ. ಋತು, ಧೂಳು, ಹೊಗೆ, ನೆಗಡಿ, ಮನಸ್ಸಿನ ಕಳವಳ ಇವುಗಳಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಮಕ್ಕಳಲ್ಲಿ ಹಲವರಿಗೆ ವಯಸ್ಸು ಬಂದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ರೋಗಿಯು ಮದ್ದನ್ನು ಅರಸಿಕೊಂಡು ಹೊರಡುವುದು ಬೇನೆ ತುತ್ತತುದಿಗೇರಿದಾಗ. ಆಮೇಲೆ ಅದು ಇಳಿಯುವುದು ಸ್ವಭಾವಸಿದ್ಧ. ಹೀಗಿರುವಾಗ ಮೂರು ವರ್ಷದ ಅವಧಿಯಲ್ಲಿ ಕೆಲವರಿಗಾದರೂ ಗುಣ ಕಾಣದಿದ್ದರೇ ಆಶ್ಚರ್ಯ. ಗುಣ ಕಂಡವನು ಮತ್ತೆ ಬಂದು ನಾಲ್ಕು ಜನರಿಗೆ ಹೇಳುತ್ತಾನೆ. ಕಾಣದವನು ಮನೆಯಲ್ಲೇ ಉಳಿಯುತ್ತಾನೆ. ವಸೂಲಾದ ಸಾಲಗಳನ್ನು ಮಾತ್ರ ಬರೆದು ವಸೂಲಾಗದವನ್ನು ಬಿಟ್ಟುಬಿಡುವ ಲೆಡ್ಜರನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. 2011ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟವಾಯಿತು. ಪ್ರಯೋಗವನ್ನು ಪೂರ್ಣಗೊಳಿಸಿದವರು 39 ಮಂದಿ ಅಸ್ತಮಾ ರೋಗಿಗಳು. ಅವರಿಗೆ ಬೇರೆ ಬೇರೆ ದಿನಗಳಲ್ಲಿ ನಿಜವಾದ ಔಷಧವಿದ್ದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ನಟನೆಯ ಸೂಜಿಚಿಕಿತ್ಸೆ ಇವುಗಳನ್ನು ಕೊಟ್ಟು, ಕೆಲವು ದಿನ ಏನನ್ನೂ ಕೊಡದೆ ಕುಳ್ಳಿರಿಸಿ ನೋಡಿದರು. ‘ಎಷ್ಟು ಸುಧಾರಿಸಿತು?’ ಎಂದು ಕೇಳಿದಾಗ ನಿಜವಾದ ಔಷಧಕ್ಕೆ ಶೇಕಡಾ 50, ಹುಸಿ ಇನ್‌ಹೇಲರಿಗೆ 45, ಹುಸಿ ಸೂಜಿಗೆ 46, ಸುಮ್ಮನೆ ಕುಳಿತಾಗ 21 ಎಂಬ ಉತ್ತರಗಳು ಬಂದವು. ಆದರೆ ಶ್ವಾಸಕೋಶದಿಂದ ಹೊರಬರುವ ಗಾಳಿಯನ್ನು ಯಂತ್ರದಿಂದ ಅಳೆದಾಗ, ನಿಜವಾದ ಔಷಧದಿಂದ ಶೇಕಡಾ 20ರಷ್ಟು ಏರಿಕೆಯೂ, ಉಳಿದ ಮೂರರಲ್ಲಿಯೂ ಒಂದೇ ತೆರನಾಗಿ ಸುಮಾರು 7ರಷ್ಟು ಏರಿಕೆಯೂ ಕಂಡುಬಂದಿತು. ಅಂದರೆ ರೋಗಿಯು ಸುಳ್ಳಾಡಲಿಲ್ಲ, ಅವನಿಗೆ ನಿಜವಾಗಿಯೂ ಹಾಯೆನಿಸಿತು. ಆದರೆ ಅವನ ಶ್ವಾಸನಾಳ ತೆರೆದಿರಲಿಲ್ಲ.

ಅಪಾಯವಿರುವುದು ಇಲ್ಲಿಯೇ. ಹಾಯೆನಿಸಿದವನು ದಿನನಿತ್ಯದ ಔಷಧವನ್ನು ನಿಲ್ಲಿಸುತ್ತಾನೆ. ಮುಂದೊಂದು ರಾತ್ರಿ ಉಬ್ಬಸ ಉಲ್ಬಣಿಸಿದಾಗ ಆಸ್ಪತ್ರೆ ದೂರವಿರುತ್ತದೆ. 2019ರ ಜಾಗತಿಕ ರೋಗಭಾರದ ಅಂದಾಜಿನಂತೆ ಭಾರತದಲ್ಲಿ 3 ಕೋಟಿಗೂ ಹೆಚ್ಚು ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಅಸ್ತಮಾ ಭಾರದಲ್ಲಿ ನಮ್ಮದು ಶೇಕಡಾ 13ರಷ್ಟು ಪಾಲು. ಆದರೆ ಅಸ್ತಮಾ ಮರಣಗಳಲ್ಲಿ ನಮ್ಮ ಪಾಲು ಶೇಕಡಾ 40ನ್ನು ಮೀರಿದೆ. ರೋಗಕ್ಕೆ ತಕ್ಕ ಔಷಧವು ನಿಯಮಿತವಾಗಿ ತಲುಪದಿರುವುದೇ ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲೊಂದು.

ಪರೀಕ್ಷೆಯಲ್ಲಿ ಗೆದ್ದವು, ಸೋತವು

ಇಷ್ಟು ಹೇಳಿದ ಮಾತ್ರಕ್ಕೆ ನಾಟಿ ವೈದ್ಯವನ್ನೂ ದೇಶೀಯ ಪದ್ಧತಿಗಳನ್ನೂ ಹೀಗಳೆದಂತಾಗದು. ನಮ್ಮ ಅಜ್ಜಿಯರು ಕೆಮ್ಮಿಗೆ ಕಷಾಯ ಮಾಡಿ ಕುಡಿಸುತ್ತಿದ್ದ ಆಡುಸೋಗೆಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವವನ್ನು ಅಭ್ಯಸಿಸಿ, ಅದರ ರಚನೆಯ ಜಾಡು ಹಿಡಿದು ರೂಪಿಸಿದ ಬ್ರೋಮ್‌ಹೆಕ್ಸಿನ್ ಎಂಬ ಔಷಧವು 1960ರ ದಶಕದಲ್ಲಿ ಬಳಕೆಗೆ ಬಂದು, ಇಂದಿಗೂ ಕಫ ಕರಗಿಸುವ ಸಿರಪ್ಪುಗಳಲ್ಲಿದೆ. ಚೀನೀಯರು ಶತಮಾನಗಳಿಂದ ಬಳಸುತ್ತಿದ್ದ ಮಾ-ಹ್ವಾಂಗ್ ಎಂಬ ಗಿಡದಿಂದ 1885ರಲ್ಲಿ ಜಪಾನಿನ ನಾಗಾಯಿ ಎಂಬ ವಿಜ್ಞಾನಿ ಎಫೆಡ್ರಿನ್ನನ್ನು ಬೇರ್ಪಡಿಸಿದನು; 1920ರ ದಶಕದಲ್ಲಿ ಅದರ ಗುಣಗಳು ಪ್ರಯೋಗಗಳಿಂದ ಸಿದ್ಧಪಟ್ಟ ಮೇಲೆ ಅದು ಜಗತ್ತಿನ ಅಸ್ತಮಾ ರೋಗಿಗಳಿಗೆಲ್ಲ ಆಸರೆಯಾಯಿತು. ಚೀನದ ಪುರಾತನ ಜ್ವರದ ಮೂಲಿಕೆಯೊಂದರಿಂದ ಮಲೇರಿಯಕ್ಕೆ ಆರ್ಟೆಮಿಸಿನಿನ್ ಎಂಬ ಮದ್ದನ್ನು ಕಂಡುಹಿಡಿದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಮೂಲಿಕೆಗಳ ಹಳೆತನವು ವಿಜ್ಞಾನಿಗಳ ಗಮನವನ್ನು ಸೆಳೆಯಿತು. ಆದರೆ ಅವುಗಳಿಗೆ ಮನ್ನಣೆಯನ್ನು ತಂದುಕೊಟ್ಟದ್ದು ಪರೀಕ್ಷೆ.

ಎಲ್ಲ ಪರೀಕ್ಷೆಗಳೂ ನಮ್ಮ ಇಚ್ಛೆಯಂತೆ ಮುಗಿಯುವುದಿಲ್ಲ. ಕಾಮಾಲೆಗೆ ನೆಲನೆಲ್ಲಿ ಎಂಬುದು ಕನ್ನಡ ನಾಡಿನ ಮನೆಮನೆಯ ಮಾತು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮದರಾಸಿನ ಸಂಶೋಧಕರ ಪ್ರಯೋಗವೊಂದು ಪ್ರಕಟವಾಯಿತು. ಹೆಪಟೈಟಿಸ್-ಬಿ ವೈರಾಣುವನ್ನು ಹೊತ್ತವರಲ್ಲಿ ನೆಲನೆಲ್ಲಿ ಸೇವಿಸಿದ 37 ಮಂದಿಯ ಪೈಕಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಮಾಯವಾಗಿತ್ತು. ಹುಸಿಮಾತ್ರೆ ನುಂಗಿದ 23 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಹಾಗಾಗಿತ್ತು. ಹೆಮ್ಮೆಪಡತಕ್ಕ ಫಲಿತಾಂಶವೇ ಸರಿ. ಆದರೆ ತರುವಾಯ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಆದುದರಿಂದ ಒಂದು ಪ್ರಯೋಗದ ಜಯಭೇರಿಯನ್ನು ಕೇಳಿ ರಾಜ್ಯದ ಔಷಧಾಲಯಗಳಿಗೆಲ್ಲ ಆಜ್ಞೆ ಹೊರಡಿಸುವಂತಿಲ್ಲ. ಎರಡನೆಯವನು ಲೆಕ್ಕ ಹಾಕಿದಾಗಲೂ ಅದೇ ಮೊತ್ತ ಬಂದರೆ ಮಾತ್ರ ಬಾಕಿ ಸರಿಯೆಂದು ಸಹಿ ಹಾಕುವುದು ವಾಡಿಕೆ.

ಈ ಕಟ್ಟುನಿಟ್ಟು ದೇಶೀಯ ಪದ್ಧತಿಗಳಿಗೆ ಮಾತ್ರವೋ ಎಂದು ಕೇಳಿದರೆ, ಅದಕ್ಕೂ ಹೈದರಾಬಾದಿನ ಇತಿಹಾಸವೇ ಉತ್ತರ ಕೊಡುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಕ್ಲೋರೋಫಾರಂ ಕೊಟ್ಟಾಗ ಸಾವು ಸಂಭವಿಸುವುದು ಉಸಿರು ನಿಂತೇ ಹೊರತು ಹೃದಯ ನಿಂತಲ್ಲ ಎಂಬ ವಾದವನ್ನು ಇಲ್ಲಿನ ರೆಸಿಡೆನ್ಸಿಯ ಶಸ್ತ್ರವೈದ್ಯರಾಗಿದ್ದ ಎಡ್ವರ್ಡ್ ಲಾರಿಯವರು ಬಲವಾಗಿ ಪ್ರತಿಪಾದಿಸುತ್ತಿದ್ದರು. ಅದನ್ನು ಪರೀಕ್ಷಿಸಲು ನಿಜಾಮ್ ಸರ್ಕಾರವು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗವನ್ನು ನೇಮಿಸಿತು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರು ಬಂದರು; ನಿಜಾಮರೇ ಹಣ ಒದಗಿಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ಲಾರಿಯವರ ಮತವೇ ಗೆದ್ದಿತು. ಆದರೆ 1911ರಲ್ಲಿ ಲೆವಿ ಎಂಬ ವೈದ್ಯನು ಕ್ಲೋರೋಫಾರಂ ನೇರವಾಗಿ ಹೃದಯದ ಲಯವನ್ನು ಕೆಡಿಸಬಲ್ಲದೆಂದು ತೋರಿಸಿದ ಮೇಲೆ ಆ ತೀರ್ಮಾನ ಬಿದ್ದುಹೋಯಿತು. ಪಾಶ್ಚಾತ್ಯ ವೈದ್ಯದ ಘನವಿದ್ವಾಂಸರು, ಅರಸನ ಹಣ, ಜಗತ್ಪ್ರಸಿದ್ಧ ಪತ್ರಿಕೆ ಎಲ್ಲವೂ ಒಂದು ಕಡೆಗಿದ್ದರೂ, ಹೊಸ ಸಾಕ್ಷ್ಯದೆದುರು ಹಳೆಯ ಮತ ನಿಲ್ಲಲಿಲ್ಲ. ಈ ಪದ್ಧತಿಯ ಶ್ರೇಯಸ್ಸಿರುವುದು ಅದು ಪಶ್ಚಿಮದಿಂದ ಬಂದಿತೆಂಬುದರಲ್ಲಿ ಅಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳುವುದರಲ್ಲಿ.

ಇದು ನಮಗೆ ಪರಕೀಯವಾದ ಮನೋಧರ್ಮವೂ ಅಲ್ಲ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಬಗೆಯ ಪರೀಕ್ಷೆಗಳನ್ನು ಚರಕಸಂಹಿತೆಯೇ ಹೇಳಿದೆ. ಹಿರಿಯರ ಮಾತಿಗೆ ಅಲ್ಲಿ ಸ್ಥಾನವಿದೆ. ಆದರೆ ಅದೊಂದಕ್ಕೇ ಅಲ್ಲ. ಮಂತ್ರ, ಮಣಿ, ಹೋಮಗಳನ್ನು ಆಶ್ರಯಿಸುವ ದೈವವ್ಯಪಾಶ್ರಯ ಚಿಕಿತ್ಸೆಯನ್ನೂ, ಆಹಾರ-ಔಷಧಗಳನ್ನು ವಿಚಾರಪೂರ್ವಕ ಯೋಜಿಸುವ ಯುಕ್ತಿವ್ಯಪಾಶ್ರಯ ಚಿಕಿತ್ಸೆಯನ್ನೂ ಆ ಗ್ರಂಥವು ಬೇರೆಬೇರೆಯಾಗಿ ವಿಂಗಡಿಸಿದೆ. ನಾಂಪಲ್ಲಿಯ ಮೈದಾನದಲ್ಲಿ ಮಸಕಾಗಿರುವ ಗೆರೆಯನ್ನು ಚರಕನು ಅಂದೇ ಸ್ಪಷ್ಟವಾಗಿ ಎಳೆದಿದ್ದನು.

ಮಾಡಬೇಕಾದುದೇನು?

ಹಾಗಾದರೆ ಸರ್ಕಾರವು ಏನು ಮಾಡಬೇಕು? ಯೋಗದ ಗುಟ್ಟು ಬಯಲಾಗಬಾರದೆಂಬ ಮನೆತನದ ಕಟ್ಟಳೆ ಪರೀಕ್ಷೆಗೆ ಅಡ್ಡಿಯೆಂದು ಹೇಳುವುದುಂಟು. ಫಲವನ್ನು ಅಳೆಯುವುದಕ್ಕೆ ಗುಟ್ಟು ತಿಳಿಯಲೇಬೇಕೆಂದಿಲ್ಲ. ಸುರಕ್ಷತೆಯ ಪರಿಶೀಲನೆಯನ್ನು ಮೊದಲು ಗೋಪ್ಯವಾಗಿಯೇ ಮುಗಿಸಬಹುದು. ಆಮೇಲೆ ಒಪ್ಪಿಗೆಯಿತ್ತ ರೋಗಿಗಳಲ್ಲಿ ಚೀಟಿ ಎತ್ತಿ, ಅರ್ಧದಷ್ಟು ಮಂದಿಗೆ ಮನೆತನದ ಲೇಹ್ಯವನ್ನೂ, ಉಳಿದರ್ಧಕ್ಕೆ ನೋಟಕ್ಕೂ ರುಚಿಗೂ ಅದನ್ನೇ ಹೋಲುವ ಬೇರೊಂದನ್ನೂ ಕೊಡಬೇಕು. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯಬಾರದು, ಅಳೆಯುವ ವೈದ್ಯನಿಗೂ ತಿಳಿಯಬಾರದು. ಎಲ್ಲರೂ ತಮ್ಮ ನಿತ್ಯದ ಔಷಧವನ್ನು ಮುಂದುವರಿಸಬೇಕು. ಊದಿ ಉಸಿರಿನ ಬಲವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಉಪಕರಣ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಆ ದಿನ, ಆರು ತಿಂಗಳಿಗೆ, ವರ್ಷಕ್ಕೆ ಅಳೆದು, ಎಷ್ಟು ಸಲ ಆಸ್ಪತ್ರೆ ಸೇರಬೇಕಾಯಿತೆಂಬುದನ್ನೂ ಬರೆದಿಟ್ಟರೆ ಉತ್ತರ ದೊರೆಯುತ್ತದೆ. ಎರ್ರಗಡ್ಡೆಯ ಎದೆರೋಗಗಳ ಆಸ್ಪತ್ರೆ, ನಿಜಾಮ್ ವೈದ್ಯವಿಜ್ಞಾನ ಸಂಸ್ಥೆ, ಉಸ್ಮಾನಿಯಾ ವೈದ್ಯಕೀಯ ಕಾಲೇಜು ಇವೆಲ್ಲ ಇರುವ ನಗರಕ್ಕೆ ಇದು ಎಟುಕದ ಕಾರ್ಯವಲ್ಲ.

ಕೋವಿಡ್ ಮಹಾಮಾರಿಯ ನಿಮಿತ್ತ 2020ರಿಂದ 2022ರವರೆಗೆ ಮೂರು ವರ್ಷ ಈ ವಿತರಣೆ ನಿಂತಿದ್ದು, 2023ರಲ್ಲಿ ಪುನಃ ಆರಂಭವಾಯಿತು. ಹಿಂದಿನ ವರ್ಷಗಳಲ್ಲಿ ಬಂದವರ ಹೆಸರು, ವಿಳಾಸ, ಉಸಿರಿನ ಅಳತೆಗಳುಳ್ಳ ಒಂದು ದಾಖಲೆ ಪುಸ್ತಕವಿದ್ದಿದ್ದರೆ, ಮದ್ದು ನಿಂತ ಮೂರು ವರ್ಷಗಳಲ್ಲಿ ಅವರ ಗತಿ ಏನಾಯಿತೆಂಬುದನ್ನಾದರೂ ವಿಚಾರಿಸಬಹುದಿತ್ತು. ಮುಖಗವಸು, ಕಡಿಮೆಯಾದ ಓಡಾಟ ಮೊದಲಾದ ಬೇರೆ ಕಾರಣಗಳೂ ಆಗ ಬೆರೆತಿದ್ದವೆಂಬುದು ನಿಜ. ಆದರೂ ಅದೊಂದು ಸುಳಿವಾಗುತ್ತಿತ್ತು.

ಈ ವಾದವು ಮೀನಿನ ಮದ್ದಿಗೆ ಮಾತ್ರ ಸೀಮಿತವಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದೀಚೆಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರೂ ಕುಳಿತುಕೊಳ್ಳುತ್ತಿದ್ದಾರೆ. 2014ರಲ್ಲಿ ಆಯುಷ್‌ಗೆ ಕೇಂದ್ರದಲ್ಲಿ ಪ್ರತ್ಯೇಕ ಸಚಿವಾಲಯವೇ ಸ್ಥಾಪನೆಯಾಯಿತು. ಚಾರ್‌ಮಿನಾರಿನ ಬಳಿಯ ನಿಜಾಮಿಯಾ ತಿಬ್ಬಿ ಕಾಲೇಜು, ತೊನ್ನಿನ ಚಿಕಿತ್ಸೆಗೆ ಹೆಸರಾದ ಎರ್ರಗಡ್ಡೆಯ ಯುನಾನಿ ಸಂಶೋಧನಾ ಸಂಸ್ಥೆ ಇವು ನಮ್ಮ ನಗರದಲ್ಲೇ ಇವೆ. ಇವುಗಳಿಗೆ ಹಣ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊಟ್ಟ ಹಣಕ್ಕೆ ಪ್ರತಿಯಾಗಿ, ಯಾವ ರೋಗಕ್ಕೆ ಯಾವ ಔಷಧ, ಎಷ್ಟು ಮಂದಿಗೆ ಕೊಟ್ಟಿತು, ಎಷ್ಟು ಮಂದಿಗೆ ಅಳತೆಗೆ ಸಿಗುವ ಗುಣವಾಯಿತು, ಎಷ್ಟು ಮಂದಿಗೆ ಆಗಲಿಲ್ಲ, ಎಷ್ಟು ಮಂದಿಗೆ ತೊಂದರೆಯಾಯಿತು ಎಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಬೇಕು. ಇದೇ ಕಟ್ಟಳೆ ಅಲೋಪತಿ ಆಸ್ಪತ್ರೆಗಳಿಗೂ ಅನ್ವಯಿಸಬೇಕು. ಲೆಕ್ಕದಲ್ಲಿ ಗೆದ್ದದ್ದು ಯಾವ ಪದ್ಧತಿಯದಾದರೂ ಉಳಿಯಲಿ. ಸೋತದ್ದು ಎಷ್ಟು ಪುರಾತನವಾದರೂ ಸಾರ್ವಜನಿಕ ವೆಚ್ಚದಿಂದ ಹೊರಗುಳಿಯಲಿ.

‘ಬಡವರಿಗೆ ಪುಕ್ಕಟೆಯಾಗಿ ಸಿಗುತ್ತಿರುವುದನ್ನೇಕೆ ಕೆಡಿಸುತ್ತೀರಿ?’ ಎಂಬ ಆಕ್ಷೇಪಕ್ಕೆ ಉತ್ತರಿಸಿ ಮುಗಿಸುತ್ತೇನೆ. ಬಡವನು ಬೀದರಿನಿಂದಲೋ ರಾಯಚೂರಿನಿಂದಲೋ ಕೂಲಿ ಬಿಟ್ಟು, ಪ್ರಯಾಣದ ಖರ್ಚು ಹೊತ್ತು, ಹಗಲಿರುಳು ಸಾಲಿನಲ್ಲಿ ನಿಂತು ಪಡೆದದ್ದು ಪುಕ್ಕಟೆಯದಲ್ಲ. ಸಾಲ್ಬುಟಮಾಲ್, ಬುಡೆಸೊನೈಡ್ ಇನ್‌ಹೇಲರುಗಳು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅವು ಅವನ ಊರಿನ ಆರೋಗ್ಯ ಕೇಂದ್ರದಲ್ಲಿ ವರ್ಷದ ಎಲ್ಲ ದಿನಗಳಲ್ಲೂ ತಪ್ಪದೆ ದೊರೆಯುವಂತೆ ಮಾಡುವುದೇ ನಿಜವಾದ ಜನಸೇವೆ.

ಮಿರಗದ ದಿನಗಳಲ್ಲಿ ನಮ್ಮ ಹಲವರ ಮನೆಗಳಿಗೆ ಊರಿನಿಂದ ಉಬ್ಬಸದ ನೆಂಟರು ಬಂದಿಳಿಯುವುದುಂಟು. ಅವರ ಶ್ರದ್ಧೆಯನ್ನು ಹಾಸ್ಯ ಮಾಡುವುದು ಬೇಡ. ಮೈದಾನಕ್ಕೆ ಕರೆದೊಯ್ಯಬೇಕಾಗಿ ಬಂದರೆ ಕರೆದೊಯ್ಯೋಣ. ಆದರೆ ಪ್ರಸಾದವನ್ನು ಪ್ರಸಾದವೆಂದೇ ಸ್ವೀಕರಿಸುವಂತೆಯೂ, ಡಾಕ್ಟರು ಕೊಟ್ಟ ಇನ್‌ಹೇಲರನ್ನು ಒಂದು ದಿನವೂ ನಿಲ್ಲಿಸದಂತೆಯೂ, ಹಿಂದಿರುಗುವ ಮುನ್ನ ಒಮ್ಮೆ ಎದೆರೋಗಗಳ ವೈದ್ಯರಿಗೆ ತೋರಿಸಿ ಉಸಿರಿನ ಅಳತೆ ಮಾಡಿಸಿಕೊಳ್ಳುವಂತೆಯೂ ಹೇಳುವುದು ಆತಿಥ್ಯ ನೀಡಿದವರ ಕರ್ತವ್ಯ. ಸಂಘದ ಸದಸ್ಯರು ಇಷ್ಟನ್ನು ನಡೆಸಿಕೊಡಬೇಕೆಂದು ನನ್ನ ವಿನಂತಿ.